ಕವಚಕ್ಕೆ ಎಪ್ಪತ್ತು ಸಾವಿರ

ಕುಮಾನೊ ದೇಗುಲದ ನಾಲ್ಕುದಾರಿಯಲ್ಲಿ ಬಸ್ಸಿನ ಬಾಗಿಲು ತೆರೆದದ್ದೇ ತಡ, ದಾಲ್ಚಿನ್ನಿಯ ವಾಸನೆ ಒಳಗೆ ನುಗ್ಗುತ್ತದೆ. ಕ್ಯೋಟೊದ ಈ ಶೋಗೊಇನ್ ಬಡಾವಣೆ ಯಾತ್ಸುಹಾಶಿ ಎಂಬ ದಾಲ್ಚಿನ್ನಿ ತಿನಿಸಿಗೆ ಹೆಸರುವಾಸಿ. ನನ್ನ ಜೊತೆ ಇಳಿದ ಶಿವಮೊಗ್ಗದ ಹುಡುಗಿಗೆ ಇವತ್ತು ಅದರ ಕಡೆ ಗಮನವಿಲ್ಲ. ಹೆಗಲಿಗೆ ದೊಡ್ಡದೊಂದು ಕಪ್ಪು ಚೀಲ, ಕೈಯಲ್ಲಿ ಉದ್ದನೆಯ ಬಟ್ಟೆಗವಸಿನ ಶಿನಾಯ್, ಅಂದರೆ ನಾಲ್ಕು ಬಿದಿರು ಸೀಳುಗಳನ್ನು ಚರ್ಮದಿಂದ ಬಿಗಿದ ಕತ್ತಿ. ಇಳಿದವಳೇ ನನ್ನತ್ತ ತಿರುಗಿ ಷರತ್ತು ಹಾಕುತ್ತಾಳೆ.

"ಅಣ್ಣಾ, ಎಪ್ಪತ್ತು ಸಾವಿರ ದಾಟಬಾರದು. ದಾಟ್ತಿದೀನಿ ಅನ್ಸಿದ್ರೆ ನನ್ನ ಎಳ್ಕೊಂಡು ಹೊರಗೆ ಬಂದ್ಬಿಡಿ."

ಎಪ್ಪತ್ತು ಸಾವಿರ ಯೆನ್. ಒಂದು ಯೆನ್‌ಗೆ ಅರವತ್ತು ಪೈಸೆ ಹಿಡಿದರೆ 42,000 ರೂಪಾಯಿ. ಜಪಾನ್ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪಿಎಚ್‌ಡಿ ಮಾಡುವವರ ಕೈಗೆ ತಿಂಗಳಿಗೆ ಬರುವುದು ಹೆಚ್ಚುಕಡಿಮೆ 1,45,000 ಯೆನ್. ಅದರಲ್ಲಿ ಬಾಡಿಗೆ, ಅಕ್ಕಿ, ಬೇಳೆ, ಫೋನು ಎಲ್ಲ ಕಳೆದು ಇಷ್ಟು ಉಳಿಸಲು ಅವಳಿಗೆ ಬೇಸಿಗೆಯಿಡೀ ಹಿಡಿದಿದೆ. "ಕೋಲಲ್ಲಿ ಹೊಡೆಸ್ಕೊಳ್ಳೋಕೆ ಅಷ್ಟೊಂದು ದುಡ್ಡಾ?" ಎಂದು ಊರಿನಿಂದ ಅಪ್ಪ ಕೇಳಿದ್ದಾರಂತೆ. ಈ ಪ್ರಶ್ನೆಗೆ ಅವಳ ಬಳಿಯೂ ಉತ್ತರವಿಲ್ಲ, ನನ್ನ ಬಳಿಯೂ ಇಲ್ಲ.

ಮಾರುತಾಮಾಚಿ ರಸ್ತೆ ಹಿಡಿದು ಪೂರ್ವಕ್ಕೆ ನಡೆಯುತ್ತೇವೆ. ಸ್ವಲ್ಪ ದೂರದಲ್ಲಿ ಬಲಗಡೆ ಬುತೊಕುದೆನ್‌ನ ಬೂದು ಹೆಂಚಿನ ಮಾಡು ಕಾಣಿಸುತ್ತದೆ. 1899ರಲ್ಲಿ ಕಟ್ಟಿದ ಮರದ ಸಭಾಂಗಣ. ಪ್ರತಿ ಮೇ ತಿಂಗಳ ಮೊದಲ ವಾರ ಕೆಂಡೊ ಎಂಬ ಜಪಾನೀ ಕತ್ತಿವರಸೆಯ ಹಿರಿಯ ಗುರುಗಳು ಸೇರುವುದು ಈ ಅಂಗಳದಲ್ಲೇ. ಅವರ ಮೈಮೇಲಿನ ಕವಚಗಳನ್ನು ನೋಡಿ ಬಂದ ಹೊಸಬರು ಆಮೇಲೆ ಅಂಗಡಿಗೆ ಹೋದರೆ ಜೇಬು ಗಟ್ಟಿಯಿರುವುದಿಲ್ಲ. ಇವಳೂ ಕಳೆದ ಮೇನಲ್ಲಿ ನೋಡಿದ್ದಾಳೆ. ಅದಕ್ಕೇ ಆ ಷರತ್ತು.

ಮೂರು ಶತಮಾನದ ಹಿಂದೆ ಈ ಖರ್ಚಿನ ಗೊಡವೆಯೇ ಇರಲಿಲ್ಲ. ಮರದ ಕತ್ತಿ ಹಿಡಿದು, ಗೊತ್ತುಮಾಡಿದ ವರಸೆಗಳನ್ನು ಇಬ್ಬರೂ ಎಚ್ಚರದಿಂದ ಆಡುವುದೇ ಅಭ್ಯಾಸ. ನಿಜವಾಗಿ ಹೊಡೆದರೆ ಮೂಳೆ ಉಳಿಯದು. ಶೋತೊಕು ಕಾಲದಲ್ಲಿ, ಅಂದರೆ 1711ರಿಂದ 1716ರ ನಡುವೆ, ಜಿಕಿಶಿಂಕಾಗೆ ಪಂಥದ ನಾಗಾನುಮಾ ಶಿರೋಜಾಯೆಮೊನ್ ಕುನಿಸಾತೊ ಮುಖ ಮತ್ತು ಕೈಗಳ ಕವಚವನ್ನು ಸುಧಾರಿಸಿ, ಬಿದಿರಿನ ಕತ್ತಿಯಿಂದ ಧೈರ್ಯವಾಗಿ ಹೊಡೆಯುವ ಅಭ್ಯಾಸಕ್ಕೆ ದಾರಿ ಮಾಡಿದ. ಮುಂದೆ ಹೊರೆಕಿ ಕಾಲದಲ್ಲಿ (1751–1764) ಇತ್ತೊ ಪಂಥದ ನಾಕಾನಿಶಿ ಚೂಜೊ ಕಬ್ಬಿಣದ ಸರಳಿನ ಮುಖಕವಚ, ಬಿದಿರಿನ ಎದೆಕವಚ ಬಳಸಿದ. ಹೊಡೆಯುವವನು ಕೈ ಬಿಗಿಹಿಡಿಯಬೇಕಿಲ್ಲ ಎನ್ನುವುದೇ ಕವಚದ ನಿಜವಾದ ಲಾಭ ಎಂದು ನನಗೆ ಬಹಳ ಸಲ ಅನ್ನಿಸಿದೆ. ತೊಟ್ಟವರ ರಕ್ಷಣೆ ಅದರ ಜೊತೆಗೆ ಬರುವಂಥದ್ದು.

ನಾವು ಹುಡುಕಿ ಬಂದ ಕವಚದ ಅಂಗಡಿ ಚಿಕ್ಕದು. ಜಾರುಬಾಗಿಲು ಸರಿಸಿದರೆ ಹೊಸ ಹತ್ತಿಬಟ್ಟೆ, ಚರ್ಮ, ನೀಲಿ ಬಣ್ಣ ಮೂರೂ ಬೆರೆತ ವಾಸನೆ ಮೂಗಿಗೆ ಬಡಿಯುತ್ತದೆ. ಗೋಡೆಯುದ್ದಕ್ಕೂ ಮುಖಕವಚಗಳು ಸಾಲಾಗಿ ನಮ್ಮನ್ನೇ ನೋಡುತ್ತಿವೆ. ಮಾಲೀಕರು ಎಪ್ಪತ್ತರ ಹತ್ತಿರದವರು. ಮೇಜಿನ ಹಿಂದೆ ಕುಳಿತು ಯಾರದೋ ಕೈಗವಸಿನ ಅಂಗೈಗೆ ಹೊಸ ಚರ್ಮ ಹೊಲಿಯುತ್ತಿದ್ದಾರೆ. ಸೂಜಿ ಬಿಡದೆಯೇ ತಲೆ ಬಾಗಿಸಿ "ಬನ್ನಿ ಬನ್ನಿ" ಎನ್ನುತ್ತಾರೆ.

ಹುಡುಗಿಯ ಕಣ್ಣು ಹೋಗುವುದು ನೇರವಾಗಿ ಒಳಗಿನ ಗಾಜಿನ ಬೀರುವಿಗೆ. ಅಲ್ಲೊಂದು ದೋ ಇದೆ, ಎದೆಕವಚ. ಬಿದಿರು ಕಡ್ಡಿಗಳನ್ನು ಒಂದರ ಪಕ್ಕ ಒಂದು ಜೋಡಿಸಿ, ಮೇಲೆ ತೊಗಲು ಹೊದೆಸಿ, ಪದರ ಪದರವಾಗಿ ಅರಗು ಬಳಿದದ್ದು. ಬಣ್ಣ ಮಾಗಿದ ನೇರಳೆಹಣ್ಣಿನ ಹಾಗೆ ಕಪ್ಪೂ ಅಲ್ಲದ ಕೆಂಪೂ ಅಲ್ಲದ ಹೊಳಪು. ಬೆಲೆಚೀಟಿಯಲ್ಲಿ ಆರು ಅಂಕೆ.

"ನೋಡೋಕೇನು ದುಡ್ಡು ಕೊಡಬೇಕಾಗಿಲ್ಲ. ನೋಡಿ ಬಾ," ಎನ್ನುತ್ತೇನೆ. ಅವಳು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿ, ಉಸ್ಸೆಂದು ವಾಪಸು ಬರುತ್ತಾಳೆ.

ಈಗ ಕಪ್ಪು ಚೀಲ ಬಿಚ್ಚುವ ಹೊತ್ತು. ಅದರಲ್ಲಿರುವುದು ಓದು ಮುಗಿಸಿ ಊರಿಗೆ ಹೊರಟಿರುವ ನಮ್ಮ ದೋಜೊದ (ಅಭ್ಯಾಸಶಾಲೆಯ) ತೈವಾನ್ ಹುಡುಗಿಯ ಬೋಗು. ಬೋಗು ಎಂದರೆ ಪೂರ್ತಿ ಕವಚ, ನಾಲ್ಕು ಭಾಗ: ತಲೆ ಮುಖಕ್ಕೆ ಮೆನ್, ಕೈಗೆ ಕೊತೆ, ಎದೆಹೊಟ್ಟೆಗೆ ದೋ, ಸೊಂಟಕ್ಕೆ ತರೆ. ನಾಲ್ಕಕ್ಕೂ ಸೇರಿಸಿ ಅವಳು ಕೇಳಿರುವುದು 20,000 ಯೆನ್. ಅಂಗಡಿಯಲ್ಲಿ ಹೊಸಬರ ಹೊಸ ಸೆಟ್ಟಿಗೆ ಐವತ್ತು ಸಾವಿರದ ಆಸುಪಾಸು. ಹಳೆಯದನ್ನು ಅಂಗಡಿಯವರಿಗೇ ತೋರಿಸಿ ಕೇಳೋಣ ಎಂದದ್ದು ನಾನು. ವ್ಯಾಪಾರ ಕೆಡಿಸಲು ಬಂದ ಗಿರಾಕಿಗಳೆಂದು ಸಿಡುಕುತ್ತಾರೇನೋ ಎಂದು ಅವಳಿಗೆ ದಿಗಿಲು.

ಅಜ್ಜ ಸಿಡುಕುವುದಿಲ್ಲ. ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟು, ಮೇಜು ಖಾಲಿ ಮಾಡಿ, ನಾಲ್ಕನ್ನೂ ಸಾಲಾಗಿ ಇಡುತ್ತಾರೆ.

ಮೊದಲು ದೋ. ಗಟ್ಟಿ ಪ್ಲಾಸ್ಟಿಕ್ಕಿನದು, ಸಾದಾ ಕಪ್ಪು. ಅದನ್ನು ಬೆಳಕಿಗೆ ಹಿಡಿದು ಬಲಪಕ್ಕೆಯ ಮೇಲೆ ಹೆಬ್ಬೆರಳು ಓಡಿಸುತ್ತಾರೆ. ಕೆಂಡೊದಲ್ಲಿ ಎದೆಕವಚಕ್ಕೆ ಹೊಡೆತ ಹೆಚ್ಚಾಗಿ ಬೀಳುವುದು ತೊಟ್ಟವರ ಬಲಪಕ್ಕೆಗೆ, ಬಿರುಕು ಬಿಟ್ಟರೆ ಅಲ್ಲೇ ಬಿಡಬೇಕು. ಗೀರುಗಳಿವೆ, ಬಿರುಕಿಲ್ಲ. ಅಂಚಿನ ಚರ್ಮ ಎರಡು ಕಡೆ ಎದ್ದಿದೆ. "ಅಂಟಿಸಿಕೊಡ್ತೀನಿ," ಎನ್ನುತ್ತಾರೆ. ಹುಡುಗಿಯ ಎದೆಗೆ ಹಿಡಿದು ನೋಡುತ್ತಾರೆ. ಮೇಲಂಚು ಗಂಟಲಿಗೆ ಒತ್ತುತ್ತಿಲ್ಲ, ಪಕ್ಕೆಯಲ್ಲಿ ಹೆಚ್ಚು ಸಂದಿಲ್ಲ, ಕೆಳಂಚು ಸೊಂಟಪಟ್ಟಿಯನ್ನು ಮುಚ್ಚುತ್ತದೆ. ಸಾಕು. ಎದೆಕವಚ ಇನ್ನೊಬ್ಬರದಾದರೂ ಮೈಗೆ ಬೇಗ ಹೊಂದಿಕೊಳ್ಳುವ ಭಾಗ, ಕೆಡುವುದೂ ನಿಧಾನ. ಕಣ್ಣಿಗೆ ಮೊದಲು ಬೀಳುವುದು ಅದೇ ಆದ್ದರಿಂದ ಹೊಸಬರು ಮೊದಲು ದುಡ್ಡು ಸುರಿಯುವುದೂ ಅದಕ್ಕೇ. ಗಾಜಿನ ಬೀರುವನ್ನು ಬಾಗಿಲ ಎದುರಿಗೇ ಇಟ್ಟಿರುವುದು ಸುಮ್ಮನೆ ಅಲ್ಲ ಎಂದು ನನ್ನ ಗುಮಾನಿ.

ತರೆಯೂ ಪಾಸು. ಮುಂದೆ ಮೂರು ದೊಡ್ಡ ಪಟ್ಟಿ, ಅವುಗಳ ಹಿಂದೆ ಎರಡು ಚಿಕ್ಕವು. ಪಟ್ಟಿಗಳ ತುದಿ ಸುರುಳಿ ಸುತ್ತಿವೆ, ಹಗ್ಗ ಗಟ್ಟಿಯಾಗಿದೆ.

ಮೆನ್ ಎತ್ತಿಕೊಂಡಾಗ ಅಜ್ಜ ಮಾತು ನಿಲ್ಲಿಸುತ್ತಾರೆ. ನೆತ್ತಿಯ ಮೇಲಿನ ಹೊಲಿಗೆಯ ದಪ್ಪ ಪದರವನ್ನು ಎರಡು ಹೆಬ್ಬೆರಳಿನಿಂದ ಒತ್ತುತ್ತಾರೆ. ತಗ್ಗು ಬೀಳುತ್ತದೆ, ನಿಧಾನಕ್ಕೂ ಮೇಲೇಳುವುದಿಲ್ಲ. ಒಳಗಿನ ಉಣ್ಣೆ ಸತ್ತಿದೆ. "ಹಾಕಿಕೊಂಡು ನೋಡಿ," ಎಂದು ಅವಳ ಕೈಗೆ ಕೊಡುತ್ತಾರೆ.

ಇಲ್ಲಿ ನೀವು ಅವಳ ಕಣ್ಣಿನಿಂದಲೇ ನೋಡಬೇಕು. ಗದ್ದವನ್ನು ಒಳಗಿನ ಬಟ್ಟಲಿನಂಥ ತಗ್ಗಿಗೆ ಇಳಿಸುತ್ತೀರಿ, ಆಮೇಲೆ ಹಣೆ. ತಟ್ಟನೆ ಅಂಗಡಿ ಕತ್ತಲಾಗುತ್ತದೆ. ಎದುರಿಗೆ ಅಡ್ಡಡ್ಡ ಸರಳುಗಳು, ಮೇಲಿನಿಂದ ಕೆಳಕ್ಕೆ ಹದಿನಾಲ್ಕು. ನಿಮ್ಮ ಉಸಿರು ನಿಮಗೇ ಕೇಳುತ್ತದೆ. ಆ ಸರಳುಗಳ ನಡುವೆ, ಮೇಲಿನಿಂದ ಎಣಿಸಿದರೆ ಆರನೆಯದಕ್ಕೂ ಏಳನೆಯದಕ್ಕೂ ಮಧ್ಯೆ, ಉಳಿದವುಗಳಿಗಿಂತ ಒಂದಿಷ್ಟು ಅಗಲವಾದ ಸಂದಿದೆ. ಮೊನೊಮಿ ಎನ್ನುತ್ತಾರೆ. ಕಣ್ಣು ಅಲ್ಲಿಗೇ ಬರಬೇಕು. ಅಲ್ಲಿಂದ ನೋಡಿದರೆ ಸರಳುಗಳು ಕರಗಿಹೋದಂತಾಗಿ ಎದುರಿನವರು ತಲೆಯಿಂದ ಕಾಲಿನವರೆಗೆ ಕಾಣುತ್ತಾರೆ.

"ಎಲ್ಲಿದೆ ಕಣ್ಣು?" ಅಜ್ಜ ಕೇಳುತ್ತಾರೆ.

"ಒಂದು ಸರಳು ಸರೀ ಕಣ್ಣಿನ ಮುಂದೇ ಇದೆ. ಅಗಲದ ಸಂದು ಅದರ ಮೇಲಕ್ಕೆ."

"ತಲೆ ಬಗ್ಗಿಸಿದರೆ?"

"ಆಗ ಕಾಣುತ್ತೆ."

"ಹಾಗಾದರೆ ಯಾವಾಗಲೂ ತಲೆ ಬಗ್ಗಿಸಿಕೊಂಡೇ ಆಡುತ್ತೀರಿ. ನಿಲುವು ಕೆಡುತ್ತದೆ."

ಗದ್ದದ ಕೆಳಗೆ ಮೆತ್ತೆ ಇಟ್ಟು ಮುಖ ಮೇಲೇರಿಸಬಹುದು, ಅದಕ್ಕೆಂದೇ ತುಂಡುಗಳು ಸಿಗುತ್ತವೆ. ಅಜ್ಜ ಒಂದನ್ನು ಇಟ್ಟೂ ತೋರಿಸುತ್ತಾರೆ. ಕಣ್ಣು ಜಾಗಕ್ಕೆ ಬರುತ್ತದೆ, ಕೆನ್ನೆಗಳ ಹತ್ತಿರ ಮಾತ್ರ ಬೆರಳು ತೂರುವಷ್ಟು ಸಡಿಲ. ತೈವಾನ್ ಹುಡುಗಿಯ ಮುಖ ಇವಳದಕ್ಕಿಂತ ಅಗಲ. ಮೆನ್ ವರ್ಷಗಟ್ಟಲೆ ಬೆವರು ಕುಡಿದು ಅವಳ ಮುಖದ ಅಚ್ಚಿಗೇ ಕೂತಿದೆ.

ಕೊತೆಯ ತೀರ್ಪು ಇನ್ನೂ ಬೇಗ. ಎಡಗೈ ಗವಸನ್ನು ತಿರುಗಿಸಿ ಅಂಗೈ ತೋರಿಸುತ್ತಾರೆ. ಕಿರುಬೆರಳಿನ ಕೆಳಗೆ ತೂತು. ಶಿನಾಯ್‌ನ ಹಿಡಿಯ ಕೊನೆ ತಿರುಗುತ್ತಾ ಉಜ್ಜುವುದು ಸರಿಯಾಗಿ ಅಲ್ಲಿಗೇ, ಆದ್ದರಿಂದ ಎಡದ ಅಂಗೈ ಮೊದಲು ಹೋಗುತ್ತದೆ. ಬಲಗೈಯದು ಬೇರೆ ಪಾಡು: ಏಟು ತಿನ್ನುವುದು ಅದರ ಮಣಿಕಟ್ಟು. ಒತ್ತಿ ನೋಡಿದರೆ ಒಳಗೆ ತುಂಬಿದ್ದು ಎರಡು ಕಡೆಗೆ ಸರಿದು ನಡುವೆ ಬರೀ ಬಟ್ಟೆ ಉಳಿದಿದೆ. ವಾಸನೆ ಬೇರೆ. ಕೊತೆಯ ವಾಸನೆ ಬಗ್ಗೆ ಕೆಂಡೊದವರಲ್ಲಿ ಎಷ್ಟು ಹಾಸ್ಯಗಳಿವೆಯೋ ಅಷ್ಟೂ ನಿಜ.

"ದೋ, ತರೆ ಇಟ್ಟುಕೊಳ್ಳಿ," ಎಂದು ಅಜ್ಜ ಆ ಎರಡನ್ನು ಒಂದು ಪಕ್ಕಕ್ಕೆ ಸರಿಸುತ್ತಾರೆ. "ಇವೆರಡು ಬೇಡ."

ಹುಡುಗಿ ಅಂಗಡಿಯ ಮೂಲೆಯಿಂದಲೇ ಫೋನ್ ಹಚ್ಚುತ್ತಾಳೆ. ಎರಡಕ್ಕೆ 10,000 ಎಂದು ಒಪ್ಪಂದವಾಗುತ್ತದೆ. ಉಳಿದದ್ದು ಅರವತ್ತು ಸಾವಿರ, ಕೊಳ್ಳಬೇಕಾದದ್ದು ಮೆನ್ ಮತ್ತು ಕೊತೆ. ಅವಳ ಮುಖದಲ್ಲಿ ಒಮ್ಮೆಲೇ ಶ್ರೀಮಂತಿಕೆ.

ಅದು ಅಪಾಯದ ಘಳಿಗೆ. ಅವಳು ಗೋಡೆಯ ಮೇಲಿನ ಚೀಟಿಗಳನ್ನು ಓದುತ್ತಾ ಹೋಗುತ್ತಾಳೆ: 6 ಮಿ.ಮೀ., 5 ಮಿ.ಮೀ., 4 ಮಿ.ಮೀ., 3 ಮಿ.ಮೀ. ಹೊಲಿಗೆಯ ಸಾಲುಗಳ ನಡುವಿನ ಅಂತರವದು. ಅಂಕೆ ಇಳಿದಂತೆ ಬೆಲೆ ಏರುತ್ತದೆ. ಇನ್ನೂ ಒಳಗೆ ಕೈಹೊಲಿಗೆಯವು. ಅಲ್ಲಿ ಅಳತೆ ಮಿಲಿಮೀಟರಲ್ಲ, ಹಳೆಯ ಜಪಾನೀ 'ಬು': ಒಂದು ಬು ಎಂದರೆ ಸುಮಾರು 3 ಮಿ.ಮೀ. ಒಂದೂವರೆ ಬು ಕೈಹೊಲಿಗೆಯ ಸೆಟ್ಟಿಗೇ ಲಕ್ಷಗಳ ಲೆಕ್ಕ.

"ನಾಲ್ಕು ಮಿಲಿಮೀಟರಿನದು ಹೆಚ್ಚು ಗಟ್ಟಿ ಅಲ್ವಾ ಅಣ್ಣಾ? ಮೆನ್‌ಗೆ ಅದೇ ತಗೊಂಡ್ರೆ?"

ಈ ಅಂಕೆಯ ವ್ಯಾಮೋಹ ಹೊಸಬರೆಲ್ಲರದು. ಮೆನ್‌ನ ದಪ್ಪ ಪದರದಲ್ಲಿ ಹೊರಗೆ ಹತ್ತಿ, ಒಳಗೆ ಉಣ್ಣೆ, ಫೆಲ್ಟು. ಹೊಲಿಗೆ ಹತ್ತಿರ ಹತ್ತಿರ ಬಂದಷ್ಟೂ ಪದರ ಬಿಗಿಯಾಗಿ ತೆಳುವಾಗುತ್ತದೆ, ಆಕಾರ ಬಹುಕಾಲ ಉಳಿಯುತ್ತದೆ, ನೋಡಲು ಚೆಂದ. ದೂರದೂರ ಹೊಲಿದರೆ ಮೆದು, ದಪ್ಪ, ಬೇಗ ಚಪ್ಪಟೆಯಾಗುತ್ತದೆ. ಅಲ್ಲಿಗೆ ಹತ್ತಿರದ ಹೊಲಿಗೆಯೇ ಮೇಲು ಎನಿಸಬಹುದು. ಆದರೆ ಆ ಬಿಗಿ ಪದರ ಮೈಗೆ ಬಾಗಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ಮೆನ್‌ನಿಂದ ಭುಜದ ಮೇಲೆ ಇಳಿಯುವ ರೆಕ್ಕೆಗಳು ಹಲಗೆಯ ಹಾಗೆ ನಿಂತು, ತೋಳೆತ್ತಿದಾಗಲೆಲ್ಲ ಅಡ್ಡ ಬರುತ್ತವೆ. ಈಗಷ್ಟೇ ತೋಳೆತ್ತುವುದನ್ನು ಕಲಿಯುತ್ತಿರುವವಳಿಗೆ ಅದು ಬೇಕಿಲ್ಲ. ಜೊತೆಗೆ ಅವಳ ನೆತ್ತಿಗೆ ಹೊಡೆಯುವವರಲ್ಲಿ ಅರ್ಧ ಮಂದಿ ಅವಳಂಥ ಹೊಸಬರೇ, ಕೈ ಭಾರ ಹತೋಟಿಯಲ್ಲಿರದವರು. ಮೆದುವಾದ 6 ಮಿ.ಮೀ. ಆ ಭಾರ ನುಂಗುತ್ತದೆ. ಒಳ್ಳೆಯ 6 ಮಿ.ಮೀ. ಕಳಪೆ 4 ಮಿ.ಮೀ.ಗಿಂತ ಎಷ್ಟೋ ಪಾಲು ಮೇಲು, ಚೀಟಿಯ ಮೇಲಿನ ಅಂಕೆ ಮಾತ್ರ ಅದನ್ನು ಹೇಳುವುದಿಲ್ಲ.

ಇಷ್ಟನ್ನೂ ನಾನು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅಜ್ಜ ಅಳತೆಪಟ್ಟಿ ಹಿಡಿದು ಬಂದಾಗಿದೆ. ಗದ್ದದ ಕೆಳಗಿನಿಂದ ಕಿವಿಯ ಮುಂದೆ ಹಾಯ್ದು ನೆತ್ತಿಯ ಮೇಲೊಂದು ಸುತ್ತು: 64 ಸೆಂ.ಮೀ. ಹಣೆಯ ಸುತ್ತ: 56. ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿಗೆ: 17. ಕಪಾಟಿನಿಂದ ಎರಡು ಮೆನ್ ಇಳಿಸುತ್ತಾರೆ, ಎರಡೂ 6 ಮಿ.ಮೀ., ಎರಡಕ್ಕೂ ಸರಳು ಡ್ಯೂರಾಲುಮಿನ್. ಟೈಟಾನಿಯಂ ಕೇಳಬೇಡಿ ಎನ್ನುವಂತೆ ಅದರ ಕಡೆ ನೋಡುವುದೂ ಇಲ್ಲ.

ಮೊದಲನೆಯದರಲ್ಲಿ ಕೆನ್ನೆ ನೋಯುತ್ತದೆ. ಎರಡನೆಯದರಲ್ಲಿ ಅವಳು ಮಾತೇ ಆಡದೆ ನಿಲ್ಲುತ್ತಾಳೆ. ಅಜ್ಜ ಹಿಂದೆ ಹೋಗಿ ಹಗ್ಗ ಎಳೆದು ಗಂಟು ಹಾಕಿ, ಇಳಿಬಿದ್ದ ತುದಿಗಳು ಗಂಟಿನಿಂದ 40 ಸೆಂ.ಮೀ. ಒಳಗಿವೆಯೇ ಎಂದು ನೋಡಿ, "ಕೂಗಿ," ಎನ್ನುತ್ತಾರೆ.

"ಇಲ್ಲೇ?"

"ಇಲ್ಲೇ. ಬಾಯಿ ತೆರೆದಾಗ ಗದ್ದ ಜಾರಬಾರದು."

ಅವಳು ಕೂಗುತ್ತಾಳೆ, "ಮೆಯೆಯೆನ್!" ಹೊರಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ಹೆಂಗಸು ಒಂದು ಕ್ಷಣ ಬ್ರೇಕ್ ಹಾಕಿ ಮುಂದೆ ಹೋಗುತ್ತಾಳೆ. ಗದ್ದ ಜಾರಿಲ್ಲ. ಕಣ್ಣು ಆರು ಏಳರ ನಡುವೆ. ಭುಜದ ಕೀಲನ್ನು ರೆಕ್ಕೆ ಪೂರ್ತಿ ಮುಚ್ಚಿದೆಯೇ ಎಂದು ಅಜ್ಜ ಅಂಗೈಯಿಂದ ತಟ್ಟಿ ನೋಡುತ್ತಾರೆ. ಕೆಲವು ವರ್ಷ ಚಿಕ್ಕ ರೆಕ್ಕೆಯ ಹಗುರ ಮೆನ್‌ಗಳ ಹುಚ್ಚಿತ್ತು. 2019ರ ಏಪ್ರಿಲ್‌ನಿಂದ ಅಖಿಲ ಜಪಾನ್ ಕೆಂಡೊ ಒಕ್ಕೂಟದ ಪಂದ್ಯಗಳಲ್ಲಿ ಭುಜದ ಕೀಲು ಮುಚ್ಚಲೇಬೇಕು, ಕೊತೆ ಮುಂಗೈಯ ಅರ್ಧಕ್ಕಿಂತ ಕಡಿಮೆ ಮುಚ್ಚುವಂತಿಲ್ಲ. ಅಗ್ಗಕ್ಕೆ ಸಿಗುವ ಹಳೆಯ ದಾಸ್ತಾನು ಕೊಳ್ಳುವವರು ಇದನ್ನು ಗಮನಿಸುವುದು ಒಳ್ಳೆಯದು. ಮೆನ್‌ನ ಬೆಲೆ 26,000.

ಈಗ ಕೊತೆ. ನನ್ನ ಮಟ್ಟಿಗೆ ಈ ಇಡೀ ದಿನದ ಖರ್ಚಿನಲ್ಲಿ ಕೈ ಸಡಿಲ ಬಿಡಬಹುದಾದದ್ದು ಇದೊಂದಕ್ಕೇ. ಕತ್ತಿಗೂ ಕೈಗೂ ನಡುವೆ ಇರುವುದು ಕೊತೆಯ ಅಂಗೈ ಮಾತ್ರ. ಅದು ದೊರಗಾಗಿದ್ದರೆ ಬೆರಳು ಬಿಗಿಯುತ್ತದೆ, ಬೆರಳು ಬಿಗಿದರೆ ಹೆಗಲು ಬಿಗಿಯುತ್ತದೆ, ಆಮೇಲೆ ಗುರುಗಳು ವರ್ಷಗಟ್ಟಲೆ "ಹೆಗಲು ಬಿಡು, ಹೆಗಲು ಬಿಡು" ಎಂದು ಕೂಗುತ್ತಲೇ ಇರುತ್ತಾರೆ. ಅಜ್ಜ ಮೇಜಿನ ಮೇಲೆ ಎರಡು ಜೊತೆ ಇಡುತ್ತಾರೆ. ಒಂದರ ಅಂಗೈ ಕ್ಲಾರಿನೊ ಎಂಬ ಕೃತಕ ಚರ್ಮ, 12,000. ಇನ್ನೊಂದು 5 ಮಿ.ಮೀ. ಹೊಲಿಗೆ, ಜಿಂಕೆಯ ಚರ್ಮ, ನೀಲಿಗಿಡದ ಬಣ್ಣದ ಬಟ್ಟೆ, 18,500.

ಹುಡುಗಿ ಜಿಂಕೆ ಚರ್ಮದ್ದರಲ್ಲಿ ಕೈ ತೂರಿಸಿ, ಶಿನಾಯ್ ಹಿಡಿದು, ಮೆಲ್ಲಗೆ ಎತ್ತಿ ಇಳಿಸುತ್ತಾಳೆ. ಹಿಡಿತ ತಾನಾಗಿಯೇ ಕೂರುವುದು ನನಗೇ ಕಾಣುತ್ತದೆ. ಆಮೇಲೆ ಕ್ಲಾರಿನೊ. ಕೆಟ್ಟದ್ದೇನಲ್ಲ, ಬೇಗ ಒಣಗುತ್ತದೆ, ತೊಳೆಯಲು ಸುಲಭ, ಸ್ವಲ್ಪ ಜಾರುತ್ತದೆ. ಎರಡನ್ನೂ ಕೆಳಗಿಟ್ಟು ನಿಲ್ಲುತ್ತಾಳೆ. ಲೆಕ್ಕ ಹಣದ್ದಲ್ಲ ಎಂದು ಗೊತ್ತಾಗಿ ನಾನು ಸುಮ್ಮನಿರುತ್ತೇನೆ.

"ಮನೇಲಿ ಮೊಟ್ಟೆ ಕೂಡ ತರಲ್ಲ ಅಣ್ಣಾ. ಜಿಂಕೆ ಅಂದ್ರೆ ಅಮ್ಮ..."

"ಬೇಡ ಅನ್ಸಿದ್ರೆ ಕ್ಲಾರಿನೊ ತಗೋ. ಯಾರೂ ಏನೂ ಅನ್ನಲ್ಲ. ಆದ್ರೆ ಒಂದು ತಿಳ್ಕೊ, ಮೆನ್‌ನ ಹಗ್ಗ ಕಟ್ಟೋ ಕುಣಿಕೇನೂ ಚರ್ಮಾನೆ, ನಿನ್ನ ಶಿನಾಯ್ ಹಿಡೀನೂ ಚರ್ಮಾನೆ."

ಅವಳು ಯೋಚಿಸುತ್ತಾಳೆ. ಅಜ್ಜ ಈ ಕನ್ನಡದ ಚರ್ಚೆಯನ್ನು ಏನೂ ಅರ್ಥವಾಗದಿದ್ದರೂ ತಾಳ್ಮೆಯಿಂದ ಕೇಳುತ್ತಾರೆ.

"ಮತ್ತೆ ತಮ್ಮನ ಮುಂಜೀಲಿ ಜನಿವಾರಕ್ಕೆ ಕಟ್ಟಿದ್ದು? ಅದು ಕೃಷ್ಣಾಜಿನ ಅಲ್ವಾ?"

"ಅದನ್ನ ನಿಮ್ಮಮ್ಮನ್ನೇ ಕೇಳು. ನನ್ನ ಹೆಸರು ಮಾತ್ರ ಹೇಳ್ಬೇಡ."

ಜಿಂಕೆ ಚರ್ಮದ್ದು ಮೇಜಿನ ಮೇಲೆ ಉಳಿಯುತ್ತದೆ.

ಅಜ್ಜ ಬಿಲ್ ಬರೆಯತೊಡಗಿದ ಮೇಲೆ ಪಟ್ಟಿ ಉದ್ದವಾಗುತ್ತದೆ. ಸೊಂಟದ ನಡುಪಟ್ಟಿಗೆ ತೊಡಿಸುವ ಹೆಸರಿನ ಗವಸು, ದೋಜೊದ ಹೆಸರು ಮೇಲೆ, ಅವಳ ಹೆಸರು ಕತಾಕಾನಾ ಲಿಪಿಯಲ್ಲಿ ಕೆಳಗೆ: 2,600. ತಲೆಗೆ ಸುತ್ತುವ ತೆನುಗುಯಿ ಬಟ್ಟೆ ಎರಡು, ಒಂದು ಒಣಗುವಾಗ ಇನ್ನೊಂದಿರಲಿ ಎಂದು: 1,400. ಚಕ್ರವಿರುವ ಹೊಸ ಚೀಲ ತೋರಿಸುತ್ತಾರೆ, ಚೆನ್ನಾಗಿದೆ. ತೈವಾನ್ ಹುಡುಗಿಯ ಕಪ್ಪು ಚೀಲ ಇದ್ದೇ ಇದೆಯಲ್ಲ ಎಂದು ನಾನು ಅಡ್ಡ ಬರುತ್ತೇನೆ. ಅಂಗಡಿಯ ಬಿಲ್ 48,500. ಫೋನಿನಲ್ಲಿ ಒಪ್ಪಿದ ಹತ್ತು ಸಾವಿರ ಸೇರಿದರೆ 58,500.

"ಹನ್ನೊಂದೂವರೆ ಸಾವಿರ ಉಳೀತು," ಎನ್ನುವ ಅವಳ ಕಣ್ಣು ಮತ್ತೆ ಗಾಜಿನ ಬೀರುವಿನ ಕಡೆಗೆ ಜಾರುತ್ತದೆ.

"ಉಳೀಲಿಲ್ಲ. ಇನ್ನೊಂದು ಶಿನಾಯ್ ಬೇಕು."

"ಇದೆಯಲ್ಲ ಒಂದು!"

"ಇವತ್ತಿನವರೆಗೆ ನೀನು ಗಾಳಿಗೆ ಹೊಡೀತಿದ್ದೆ. ಇನ್ಮೇಲೆ ಕಬ್ಬಿಣದಂಥ ಸರಳಿಗೆ, ಪ್ಲಾಸ್ಟಿಕ್ಕಿಗೆ. ಬಿದಿರು ಸಿಬಿರೇಳುತ್ತೆ. ಸಿಬಿರು ಎದುರಿನವರ ಸರಳಿನ ಸಂದಿಯಿಂದ ಕಣ್ಣಿಗೆ ಹೋದ್ರೆ?"

ಮೂಲೆಯ ಪೀಪಾಯಿಯಿಂದ ಅವಳೇ ಆರಿಸುತ್ತಾಳೆ. ಹೆಂಗಸರ 39ರ ಅಳತೆ, 120 ಸೆಂ.ಮೀ. ದಾಟದ್ದು, ಪಂದ್ಯಕ್ಕೆ 440 ಗ್ರಾಂಗಿಂತ ಕಡಿಮೆ ಇರುವಂತಿಲ್ಲ. ತಕ್ಕಡಿಯಲ್ಲಿಟ್ಟು ನೋಡಿ ಅಜ್ಜ ತಲೆಯಾಡಿಸುತ್ತಾರೆ: 3,500. ಕೈಯಲ್ಲಿ ಉಳಿದದ್ದು ಎಂಟು ಸಾವಿರ. ಅದನ್ನು ಮುಟ್ಟಬೇಡ, ಎಡಗೈಯ ಅಂಗೈ ಬದಲಿಸಲು ಇಟ್ಟಿರು ಎಂದರೆ ಮುಖ ಸಪ್ಪಗಾಗುತ್ತದೆ. ಅಜ್ಜ ನಗುತ್ತಾ, ತಾನು ಹೊಲಿಯುತ್ತಿದ್ದ ಆ ಕೈಗವಸನ್ನೇ ಎತ್ತಿ ತೋರಿಸುತ್ತಾರೆ. ಎರಡೂ ಅಂಗೈಗೆ ಹೊಸ ಚರ್ಮ ಹಾಕಿಸಲು ಅವರಲ್ಲಿ 7,000.

"ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಚರ್ಮ ಸೆಟೆದುಕೊಳ್ಳುತ್ತದೆ," ಎನ್ನುತ್ತಾ ದೋನ ಎದ್ದ ಅಂಚಿಗೆ ಅಂಟು ಬಳಿಯುತ್ತಾರೆ. ಅದಕ್ಕೆ ಹಣ ಕೇಳುವುದಿಲ್ಲ.

ಮಂಗಳವಾರ ಸಂಜೆ ದೋಜೊದ ಮರದ ನೆಲದ ಮೇಲೆ ಮಂಡಿಯೂರಿ ಕುಳಿತು ಅವಳು ಕವಚ ತೊಡುತ್ತಾಳೆ. ಮೊದಲು ತರೆ, ಆಮೇಲೆ ದೋ, ತಲೆಗೆ ತೆನುಗುಯಿ, ಮೆನ್, ಕೊನೆಗೆ ಕೊತೆ. ಉಳಿದವರೆಲ್ಲ ಕಟ್ಟಿ ಎದ್ದು ಸಾಲು ನಿಂತರೂ ಅವಳ ಬೆರಳು ಇನ್ನೂ ತಲೆಯ ಹಿಂದೆ ಹಗ್ಗ ಹುಡುಕುತ್ತಿವೆ. ಎದ್ದು ಬಂದವಳ ನೆತ್ತಿಗೆ ಎಂಟನೆಯ ದಾನ್ ದರ್ಜೆಯ ಗುರುಗಳು ಒಂದು ಏಟು ಕೊಡುತ್ತಾರೆ. ಹಾಲ್ ತುಂಬ ಟಪ್ಪೆಂದು ಸದ್ದು, ಅವಳಿಗೆ ತಾಗಿದ್ದೇ ಇಲ್ಲವಂತೆ. ಮುಂದಿನ ಸರದಿ ಹೈಸ್ಕೂಲು ಹುಡುಗನದು. ಕೊತೆಗೆಂದು ಗುರಿಯಿಟ್ಟು ಮೊಣಕೈಗೆ ಬಿಡುತ್ತಾನೆ. ಅಲ್ಲಿ ಯಾವ ಕವಚವೂ ಇಲ್ಲ. ಹುಡುಗ ಬಾಗಿ ಬಾಗಿ ಕ್ಷಮೆ ಕೇಳುತ್ತಾನೆ.

ಅಭ್ಯಾಸ ಮುಗಿದು ಕೊತೆ ಕಳಚಿದವಳು ಎರಡೂ ಕೈ ಮುಂದೆ ಚಾಚಿಕೊಂಡು ನನ್ನ ಹತ್ತಿರ ಓಡಿ ಬರುತ್ತಾಳೆ. ಬೆರಳು, ಅಂಗೈ, ಉಗುರಿನ ಸಂದಿ, ಎಲ್ಲ ಕಡುನೀಲಿ.

"ಅಣ್ಣಾ, ಇದು ಸೋಪಿಗೆ ಹೋಗ್ತಿಲ್ಲ! ನಾಳೆ ಬೆಳಿಗ್ಗೆ ಲ್ಯಾಬಲ್ಲಿ ಪ್ರೆಸೆಂಟೇಶನ್ ಇದೆ!"

"ನಿಮ್ಮ ಪ್ರೊಫೆಸರು ಕೆಂಡೊ ಆಡಿದ್ದಾರಾ?"

"ಗೊತ್ತಿಲ್ಲ."

"ನಾಳೆ ಗೊತ್ತಾಗುತ್ತೆ, ಹೋಗು."